ಗಾದಿ ಮತ್ತು ಹೊಲ

ಒಡಿಶಾದ ಮಾಜಿ ಅರಸರು 1950ರಲ್ಲಿ ಗಣತಂತ್ರ ಪರಿಷತ್ ಕಟ್ಟಿದರು. ಮುಂದೆ ಅದು ರಾಜಾಜಿಯವರ ಸ್ವತಂತ್ರ ಪಕ್ಷದಲ್ಲಿ ಲೀನವಾಯಿತು. ಪಾಟ್ನಾ ಸಂಸ್ಥಾನದ ಆರ್.ಎನ್. ಸಿಂಗ್ ದೇವ್ 1967ರಲ್ಲಿ ಮುಖ್ಯಮಂತ್ರಿಯೂ ಆದರು. ಕನ್ನಡನಾಡಿನಲ್ಲಿ ಅಂಥ ಪಕ್ಷ ಬೇರೂರಲಿಲ್ಲ. ಶ್ರೀಕಂಠದತ್ತ ಒಡೆಯರ್ 1984ರಲ್ಲಿ ಮೈಸೂರಿನಿಂದ ಗೆದ್ದದ್ದು ಕಾಂಗ್ರೆಸ್ಸಿನಿಂದ. ಹಾಗಾದರೆ ನಮ್ಮ ರಾಜನಿಷ್ಠೆ ಎಲ್ಲಿಗೆ ಹೋಯಿತು? ಬೆಳಗಾವಿಯಲ್ಲಿ ಕೂತು ಸಂಶೋಧನೆ ಮಾಡುವ ನನಗೆ ಅದು ಸಂಗೊಳ್ಳಿ ರಾಯಣ್ಣನ ಕಥನದಲ್ಲಿ ಕಾಣುತ್ತದೆ.

2012ರ ಚಲನಚಿತ್ರದ ಶೀರ್ಷಿಕೆಯೇ ಅವನನ್ನು ‘ಕ್ರಾಂತಿವೀರ’ ಎನ್ನುತ್ತದೆ. ಚರಿತ್ರೆಯ ರಾಯಣ್ಣ ಬಯಸಿದ್ದು ಮಾತ್ರ ದತ್ತುಪುತ್ರ ಶಿವಲಿಂಗಪ್ಪನಿಗೆ ಕಿತ್ತೂರಿನ ಗಾದಿ. ಇದನ್ನು ಮುಚ್ಚಿಡಬೇಕಿಲ್ಲ. ಖಾನಾಪುರದ ಬೀಡಿಯಲ್ಲಿ ಅವನು ಸುಟ್ಟದ್ದು ಕಂಪನಿ ಸರಕಾರದ ಕಚೇರಿಯನ್ನು. ಕಚೇರಿಯೆಂದರೆ ಕಂದಾಯದ ಲೆಕ್ಕ. ಚಾಕರಿಗೆ ಬಿಟ್ಟ ಇನಾಮು ಹೊಲಗಳಿಗೆ ಕಂಪನಿ ಕೈಹಾಕಿದಾಗ, ಗಾದಿ ಉಳಿದರಷ್ಟೇ ಹೊಲ ಉಳಿಯುತ್ತದೆ ಎಂಬುದು ಅವರಿಗೆ ನೇರ ಲೆಕ್ಕವಾಗಿತ್ತು. ಒಡಿಶಾದಲ್ಲಿ ಅರಸರು ಪ್ರಜೆಗಳನ್ನು ಹುಡುಕಿಕೊಂಡು ಹೋದರು. ಕಿತ್ತೂರಿನಲ್ಲಿ ಹೊಲದವರು ಅರಸನನ್ನು ಹುಡುಕಿದರು.

1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಈಗ ಅವನ ಹೆಸರು ಎಲ್ಲ ಪಕ್ಷಗಳಿಗೂ ಬೇಕು. ವಿಮರ್ಶೆ ಆ ಹೆಸರಿನ ಜೊತೆ ಹೊಲದ ಮಾತನ್ನೂ ಕೇಳಬೇಕು. ಗಾದಿಯನ್ನು ಅಳಿಸಿ ದೇಶವನ್ನಷ್ಟೇ ಬರೆದರೆ, ಅವನು ಯಾಕೆ ಕತ್ತಿ ಹಿಡಿದನೆಂಬುದೇ ತಿಳಿಯದೆ ಹೋಗುತ್ತದೆ.