ನಲವತ್ತು ದಿನಗಳ ಆಚೆಗೆ

ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯನ್ನು ನಾವು ಮೊದಲು ಓದಿದಾಗ ಅದನ್ನು ಗಂಡನ ದ್ರೋಹದ ಕಥೆಯೆಂದಷ್ಟೇ ತಿಳಿದಿದ್ದೆವು. ದೀಪಾ ಭಾಸ್ತಿಯವರ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಮತ್ತೆ ಓದಿದೆವು. ಈ ಸಲ ಕಣ್ಣಿಗೆ ಬಿದ್ದದ್ದು ಮೆಹರುನ್‌ಳ ಕೈಯಲ್ಲಿದ್ದ ಕೂಸು.

ಗಂಡ ಬೇರೊಬ್ಬಳ ಪಾಲಾಗಿದ್ದಾನೆ. ಕೂಸನ್ನೆತ್ತಿಕೊಂಡು ತವರಿಗೆ ಬಂದವಳಿಗೆ ಒಡಹುಟ್ಟಿದವರು ಮನೆತನದ ಮಾನದ ಪಾಠ ಹೇಳಿ ಮರಳಿ ಬಿಟ್ಟು ಬರುತ್ತಾರೆ. ಆ ರಾತ್ರಿ ಸಾಯಲು ಹೊರಟವಳನ್ನು ಹಿರಿಮಗಳು ಸಲ್ಮಾ ಕೂಸಿನೊಂದಿಗೆ ಬಂದು ತಡೆಯುತ್ತಾಳೆ.

29ರ ವಯಸ್ಸಿನಲ್ಲಿ ತಾವು ಹೆರಿಗೆಯ ನಂತರದ ಖಿನ್ನತೆ ಅನುಭವಿಸಿದ್ದನ್ನೂ, ಪ್ರಾಣ ಕಳೆದುಕೊಳ್ಳಲು ಹೊರಟಾಗ ಪತಿ ಮಗುವನ್ನು ತಮ್ಮ ಕಾಲ ಬಳಿ ಇಟ್ಟು ಅಂಗಲಾಚಿದ್ದನ್ನೂ ಲೇಖಕಿಯೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಎಂಟನೇ ವಯಸ್ಸಿಗೆ ಶಿವಮೊಗ್ಗದ ಮಿಷನರಿ ಶಾಲೆ ಸೇರಿ ಕನ್ನಡ ಕಲಿತ ಹುಡುಗಿ, ಆ ಕತ್ತಲ ದಿನಗಳಲ್ಲೇ ಬರವಣಿಗೆಯನ್ನು ಗಟ್ಟಿಯಾಗಿ ಹಿಡಿದರು.

ಮೆಹರುನ್‌ಳಿಗೆ ರೋಗದ ಮುದ್ರೆ ಒತ್ತುವುದು ನಮ್ಮ ಉದ್ದೇಶವಲ್ಲ. ಅವಳ ಸಂಕಟಕ್ಕೆ ಕಾರಣ ಕಣ್ಣೆದುರೇ ಇದೆ. ಆದರೆ ಕಥೆ ಮುಗಿದ ಮರುದಿನ ಬೆಳಿಗ್ಗೆ ಅವಳಿಗೇನಾಯಿತು?

ಶಿವಮೊಗ್ಗದಲ್ಲಿ ತವರು, ಭದ್ರಾವತಿಯಲ್ಲಿ ಗಂಡನ ಮನೆ ಇರುವ ಕುಟುಂಬಗಳು ನಮ್ಮಲ್ಲಿ ಬಹಳ. ನಲವತ್ತು ದಿನದ ಚಿಲ್ಲಾ ಮುಗಿಯುವವರೆಗೆ ಎಣ್ಣೆ, ಬಿಸಿನೀರು, ಪಥ್ಯ, ಮಲಗಲು ಮೂಲೆ. ಆಮೇಲೆ ಇಪ್ಪತ್ತು ಕಿಲೋಮೀಟರ್ ಬಸ್ಸು, ಆ ಕಡೆ ಒಲೆ. ಪರಿಚಿತರ ಮನೆಯೊಂದರಲ್ಲಿ ಮಗು ಒಂದನೇ ತರಗತಿಗೆ ಹೋಗುತ್ತಿದ್ದರೂ ತಾಯಿಯ ಮುಖದಲ್ಲಿ ನಗು ಮರಳಿರಲಿಲ್ಲ. ‘ಇನ್ನೂ ಎಂಥ ಬಾಣಂತನ, ಸಬರ್ ಮಾಡು’ ಎಂದಿದ್ದರು ಹಿರಿಯರು. ಅಂದು ನಾವೂ ತಲೆಯಾಡಿಸಿದ್ದೆವು.

ಅದು ತಪ್ಪು. ಹೆರಿಗೆಯಾದ ಮೊದಲ ದಿನಗಳ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ನಿಲ್ಲುತ್ತದೆ. ನಿಲ್ಲದಿದ್ದರೆ ಅದು ಖಿನ್ನತೆ ಇರಬಹುದು. ಆ ಕಾಯಿಲೆಯ ಹೆಸರು ಅದು ಶುರುವಾಗುವ ಕಾಲವನ್ನು ಹೇಳುತ್ತದೆ, ಮುಗಿಯುವ ಕಾಲವನ್ನಲ್ಲ. 2002ರಲ್ಲಿ ಪ್ರಕಟವಾದ ಗೋವಾದ ಅಧ್ಯಯನದಲ್ಲಿ, ಆರರಿಂದ ಎಂಟು ವಾರಕ್ಕೆ ಖಿನ್ನರಾಗಿದ್ದ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆರು ತಿಂಗಳಿಗೂ ಚೇತರಿಸಿಕೊಂಡಿರಲಿಲ್ಲ. ಬಡತನ, ದಾಂಪತ್ಯದ ಬಿರುಕು, ಗಂಡು ಬಯಸಿದಲ್ಲಿ ಹೆಣ್ಣು ಹುಟ್ಟಿದ್ದು ಆ ಖಿನ್ನತೆಯ ಹಿಂದಿದ್ದವು. ನ್ಯೂಯಾರ್ಕ್ ರಾಜ್ಯದ ಸುಮಾರು 5,000 ತಾಯಂದಿರನ್ನು ಮೂರು ವರ್ಷ ಗಮನಿಸಿದ 2020ರ ವರದಿ, ನಾಲ್ವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಯ ತೀವ್ರ ಲಕ್ಷಣಗಳಿದ್ದವು ಎಂದಿತು. ಮಗು ನಡೆದರೂ ಮಾತಾಡಿದರೂ ತಾಯಿಯ ಕತ್ತಲು ಉಳಿದಿರಬಹುದು.

ಇಲ್ಲಿಯೇ ಕಥೆಯ ಬಗ್ಗೆ ನಮ್ಮದೊಂದು ತಕರಾರು. ಕಥೆಯಲ್ಲೂ ಬದುಕಿನಲ್ಲೂ ತಾಯಿಯನ್ನು ಹಿಡಿದು ನಿಲ್ಲಿಸಿದ್ದು ಮಗು. ಆ ಕ್ಷಣಕ್ಕೆ ಅದು ಸಾಕು. ಆದರೆ ಮಗುವೇ ಮದ್ದು ಎಂದು ಓದುಗರು ನೆಮ್ಮದಿಯಿಂದ ಪುಸ್ತಕ ಮುಚ್ಚಿದರೆ, ಅಮ್ಮನನ್ನು ಉಳಿಸುವ ಭಾರವೆಲ್ಲ ಸಲ್ಮಾಳ ಹೆಗಲಿಗೆ ಬೀಳುತ್ತದೆ. ಸಲ್ಮಾಳನ್ನು ಕಾಯುವವರು ಯಾರು? ತವರಿನ ಕದ ಮುಚ್ಚಿದವರನ್ನು ಕಥೆ ಬಿಟ್ಟಿಲ್ಲ, ನಾವು ಓದುಗರು ಬಿಟ್ಟುಬಿಡುತ್ತೇವೆ.

ಮನೋವೈದ್ಯ ಡಾ. ಅಶೋಕ್ ಪೈ (ನಿಧನ 2016) ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಬರೆದ ಊರು ಶಿವಮೊಗ್ಗ. ತಿಳಿಯಲಿಲ್ಲ ಎನ್ನಲು ನಮಗೆ ನೆಪವಿಲ್ಲ. ಇದಕ್ಕೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ಇರಿಸಿಕೊಳ್ಳುವ ವಾರ್ಡ್ ಇದೆ. ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಟೆಲಿ ಮಾನಸ್‌ನ 14416ಕ್ಕೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು.

ಸಬರ್ ದೊಡ್ಡ ಗುಣ. ಆದರೆ ಅದನ್ನು ಕಾಯಿಲೆ ಬಿದ್ದವಳಿಗೆ ಮದ್ದಿನ ಬದಲು ಕೊಡಬಾರದು. ನಲವತ್ತೊಂದನೇ ದಿನ, ನಾಲ್ಕನೇ ವರ್ಷವಾದರೂ ಸರಿ, ‘ನೀನು ಹೇಗಿದ್ದೀಯಮ್ಮ?’ ಎಂದು ಕೇಳುವವರು ಒಬ್ಬರಿರಬೇಕು. ಮೆಹರುನ್‌ಳ ತವರಿನಲ್ಲಿ ಆ ಒಬ್ಬರು ಇರಲಿಲ್ಲ.