ಕೆ-ಜೆಟ್ರಾನಿಕ್‌ನ ನೈಲಾನ್ ನಾಳಗಳು

ಹಳೆಯ ಕಾರುಗಳ ಸಂರಕ್ಷಣೆಯಲ್ಲಿ ಬಣ್ಣ, ಕ್ರೋಮ್ ಪಟ್ಟಿ ಮತ್ತು ಚರ್ಮದ ಆಸನಗಳಿಗೆ ಸಲ್ಲುವ ಆಸ್ಥೆಯಲ್ಲಿ ಒಂದಂಶವೂ ಎಂಜಿನ್ನಿನ ಮೇಲೆ ಹಾಯುವ, ಕಿರುಬೆರಳಿಗಿಂತ ಸಪೂರವಾದ ನೈಲಾನ್ ಕೊಳವೆಗಳಿಗೆ ಸಲ್ಲುವುದಿಲ್ಲ. ಆದರೆ 1970 ಮತ್ತು 1980ರ ದಶಕಗಳ ಐರೋಪ್ಯ ಕಾರುಗಳ ಆಯುಷ್ಯ ಅನೇಕ ವೇಳೆ ನಿಂತಿರುವುದು ಈ ಕೊಳವೆಗಳ ಮೇಲೆಯೇ.

ಜರ್ಮನಿಯ ಬಾಷ್ ಸಂಸ್ಥೆ 1973ರಲ್ಲಿ ಪೋರ್ಷೆ 911 ಕಾರಿನ ಮೂಲಕ ಬಳಕೆಗೆ ತಂದು, ಮುಂದೆ ವೋಲ್ವೊ 240, ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಮೊದಲಾದ ಕಾರುಗಳಲ್ಲೂ ನೆಲೆಗೊಂಡ ಕೆ-ಜೆಟ್ರಾನಿಕ್ ಇಂಧನ ವ್ಯವಸ್ಥೆಯಲ್ಲಿ ಪೆಟ್ರೋಲನ್ನು ಅಳೆದು ಹಂಚುವ ಕೆಲಸ ಯಾಂತ್ರಿಕವಾದುದು. ಎಂಜಿನ್ ಎಳೆದುಕೊಳ್ಳುವ ಗಾಳಿ ಒಂದು ದುಂಡು ತಟ್ಟೆಯನ್ನು ಎತ್ತುತ್ತದೆ. ಆ ತಟ್ಟೆಗೆ ಸನ್ನೆಕೋಲಿನಿಂದ ಜೋಡಿಸಿದ ದಂಡವು ಇಂಧನ ವಿತರಕವೆಂಬ ಎರಕದ ಲೋಹದ ಗಟ್ಟಿಯೊಳಗೆ ಮೇಲೇರಿ, ಕೂದಲೆಳೆಯಷ್ಟು ಕಿರಿದಾದ ಸೀಳುಗಳನ್ನು ಬೇಕಾದಷ್ಟೇ ತೆರೆಯುತ್ತದೆ. ಅಲ್ಲಿಂದ ಹೊರಟ ಪೆಟ್ರೋಲು ಪ್ರತಿ ಸಿಲಿಂಡರಿಗೂ ಒಂದರಂತೆ ಇರುವ ಕೊಳವೆಗಳಲ್ಲಿ ಹರಿದು, ಇಂಜೆಕ್ಟರ್ ಎಂಬ ಸಿಂಪಡಿಕೆ ಮೂತಿಯಿಂದ ಎಡೆಬಿಡದೆ ಚಿಮ್ಮುತ್ತದೆ. ಕಾರ್ಬ್ಯುರೇಟರ್ ಕಾರಿನಲ್ಲಿ ಇಂಧನದ ಒತ್ತಡ ಅರ್ಧ ಬಾರ್ ಕೂಡ ಮುಟ್ಟದಿದ್ದರೆ, ಇಲ್ಲಿ ಪಂಪು ಸುಮಾರು 5 ಬಾರ್ ಒತ್ತಡವನ್ನು ಕಾಯ್ದುಕೊಳ್ಳುತ್ತದೆ, ಮತ್ತು ಇಂಜೆಕ್ಟರ್ ಬಾಯಿ ತೆರೆಯಲಿಕ್ಕೇ 3 ಬಾರ್‌ಗಿಂತ ಹೆಚ್ಚಿನ ಒತ್ತಡ ಬೇಕು. ಹೀಗಾಗಿ ಇಲ್ಲಿ ಬಿರುಕೆಂದರೆ ತೊಟ್ಟಿಕ್ಕುವ ಸೋರಿಕೆಯಲ್ಲ, ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಬೀಳಬಹುದಾದ ಪೆಟ್ರೋಲಿನ ತುಂತುರು.

ನೈಲಾನನ್ನು ತಯಾರಕರು ಆರಿಸಿದ್ದು ಸಕಾರಣವಾಗಿಯೇ. ಅದು ಹಗುರ, ತುಕ್ಕು ಹಿಡಿಯುವುದಿಲ್ಲ, ಎಂಜಿನ್ನಿನ ಕಂಪನವನ್ನು ತಾಳಿಕೊಳ್ಳುತ್ತದೆ, ಒತ್ತಡಕ್ಕೆ ರಬ್ಬರಿನಂತೆ ಉಬ್ಬುವುದಿಲ್ಲ. ಇಂಧನ ಕೊಳವೆಗಳಿಗೆ ಒಗ್ಗುವ ಪಾಲಿಅಮೈಡ್ 11 ಮತ್ತು 12 ಎಂಬ ಬಗೆಗಳಲ್ಲಿ ಮೊದಲನೆಯದು ಹರಳೆಣ್ಣೆಯಿಂದ ತಯಾರಾಗುತ್ತದೆಂಬುದು, ಜಗತ್ತಿನಲ್ಲೇ ಅತಿ ಹೆಚ್ಚು ಹರಳು ಬೆಳೆಯುವ ಭಾರತದ ಓದುಗರಿಗೆ ಸಂತೋಷ ತರಬೇಕಾದ ಸಂಗತಿ. ಆದರೆ ದಶಕಗಳ ಕಾಲ ಎಂಜಿನ್ನಿನ ಶಾಖಕ್ಕೆ ಒಡ್ಡಿಕೊಂಡ ನೈಲಾನಿನಲ್ಲಿ ಅಣುಗಳ ಉದ್ದನೆಯ ಸರಪಳಿಗಳು ತುಂಡಾಗುತ್ತವೆ, ಮೆದುತನವನ್ನು ಕೊಡುವ ಸೇರ್ಪಡೆಗಳು ಪೆಟ್ರೋಲಿಗೆ ಕರಗಿ ಹೋಗುತ್ತವೆ. ಕೊಳವೆ ಹಳದಿಗಟ್ಟಿ, ಬಗ್ಗಿಸಿದರೆ ಹಂಚಿಕಡ್ಡಿಯಂತೆ ಲಟಕ್ಕನೆ ಮುರಿಯುವ ಸ್ಥಿತಿಗೆ ಬರುತ್ತದೆ. ಇಂಜೆಕ್ಟರ್ ಪರೀಕ್ಷಿಸಲೆಂದು ಕೊಳವೆಯನ್ನು ಒಮ್ಮೆ ಸರಿಸಿದಾಗಲೇ ಅದು ಬಿರಿಯುವುದು ಹೆಚ್ಚು.

ಆಗ ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ ತುಂಡಾದ ಜಾಗಕ್ಕೆ ರಬ್ಬರ್ ಹೋಸ್ ತೂರಿಸಿ ಕ್ಲಿಪ್ ಬಿಗಿಯುವುದು. ಕೊಳವೆ ಕೂರುವ ಲೋಹದ ನಿಪ್ಪಲ್ಲಿಗೆ, ಕೊಳವೆ ಹಿಂದಕ್ಕೆ ಜಾರದಿರಲೆಂದು, ಚೂಪು ಏಣುಗಳಿರುತ್ತವೆ. ಅವು ಗಟ್ಟಿ ನೈಲಾನನ್ನು ಕಚ್ಚಿ ಹಿಡಿಯಲು ರೂಪಿಸಿದವಾದುದರಿಂದ ಅಲ್ಲಿ ಕ್ಲಿಪ್ಪಿನ ಅಗತ್ಯವಿಲ್ಲ, ಆದರೆ ಅದೇ ಏಣುಗಳ ಮೇಲೆ ರಬ್ಬರನ್ನು ಬಿಗಿದರೆ ಅದರ ಒಳಪದರ ಕತ್ತರಿಸಿಹೋಗುತ್ತದೆ. ಕಾರ್ಬ್ಯುರೇಟರಿಗೆಂದು ಮಾರುವ ಹೋಸನ್ನು ಇಲ್ಲಿ ಹಾಕುವುದಂತೂ ಅಕ್ಷಮ್ಯ. ಉಕ್ಕಿನ ಹೆಣಿಗೆಯ ಹೋಸುಗಳು ಬಲವಾದವೇ, ಆದರೆ ಒಳಗಿನ ಪದರದ ಮುಪ್ಪು ಹೊರಗಿನ ಹೆಣಿಗೆಯ ಮರೆಯಲ್ಲಿ ಕಾಣದೆ ಹೋಗುತ್ತದೆ. ನೈಲಾನಿನ ಜಾಗಕ್ಕೆ ಅದೇ ಅಳತೆಯ, ಇಂಧನಕ್ಕೆಂದೇ ತಯಾರಾದ ನೈಲಾನನ್ನು ತರುವುದೇ ಮೇಲು.

ಕೆಲಸಕ್ಕೆ ಮೊದಲು ಎಂಜಿನ್ ಪೂರ್ತಿ ತಣಿದಿರಬೇಕು, ಬ್ಯಾಟರಿಯ ತಂತಿ ಕಳಚಿರಬೇಕು, ಬೆಂಕಿ ಆರಿಸುವ ಸಾಧನ ಕೈಯಳತೆಯಲ್ಲಿರಬೇಕು. ಬಿಸಿ ಎಂಜಿನ್ ಸುಲಭವಾಗಿ ಮರಳಿ ಸ್ಟಾರ್ಟ್ ಆಗಲೆಂದು ಈ ವ್ಯವಸ್ಥೆಯಲ್ಲಿ ಒತ್ತಡವನ್ನು ಹಿಡಿದಿಡುವ ಸಂಚಯಕವೊಂದು ಇರುವುದರಿಂದ, ಪಂಪು ನಿಂತು ಬಹು ಹೊತ್ತಾದ ಮೇಲೂ ಜೋಡಣೆಗಳ ಹಿಂದೆ ಒತ್ತಡ ಉಳಿದಿರುತ್ತದೆ. ಮೊದಲ ಬೋಲ್ಟನ್ನು ಬಟ್ಟೆ ಸುತ್ತಿ ನಿಧಾನವಾಗಿಯೇ ಸಡಿಲಿಸಬೇಕು. ಹಳೆಯ ಕೊಳವೆಯನ್ನು ನಿಪ್ಪಲ್ಲಿನಿಂದ ಉದ್ದುದ್ದ ಸೀಳಿ ಬಿಡಿಸುವಾಗ ಬ್ಲೇಡಿನ ಗೀರು ಲೋಹದ ಮೇಲೆ ಬೀಳಬಾರದು, ಏಕೆಂದರೆ ಆ ಒಂದು ಗೀರೇ ಮುಂದೆ ಸೋರಿಕೆಯ ದಾರಿಯಾಗುತ್ತದೆ. ಹೊಸ ಕೊಳವೆಯನ್ನು ಅದರ ಮೈಗೆ ಗಾಯವಾಗದಂತೆ ತೋಡಿರುವ ಹಿಡಿಕೆಯಲ್ಲಿ ಸಿಕ್ಕಿಸಿ, ನಿಪ್ಪಲ್ಲನ್ನು ನೇರವಾಗಿ ಒತ್ತಿ ಕೊನೆಯ ಏಣಿನವರೆಗೂ ಕೂರಿಸಬೇಕು. ಬೆಂಕಿಯ ಜ್ವಾಲೆಯಲ್ಲಿ ಮೆತ್ತಗೆ ಮಾಡಿ ತೂರಿಸಿದ ನೈಲಾನು ಹಿಗ್ಗಿ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಜೋಡಣೆಯ ತಾಮ್ರದ ವಾಷರುಗಳು ಪ್ರತಿ ಸಲವೂ ಹೊಸತಾಗಿರಬೇಕು. ವಿತರಕದ ಸೀಳುಗಳಿಗೆ ಕಣ್ಣಿಗೆ ಕಾಣದ ಕಸವೂ ಮಾರಕವಾದುದರಿಂದ ಕೊಳವೆಗಳ ಒಳಗನ್ನು ತೊಳೆಯದೆ ಕೂರಿಸಬಾರದು, ಫಿಲ್ಟರನ್ನೂ ಅದೇ ಸಲ ಬದಲಿಸಬೇಕು. ಕೊನೆಗೆ ಎಂಜಿನ್ ಚಾಲೂ ಮಾಡದೆ, ಗಾಳಿಯ ತಟ್ಟೆಯನ್ನು ಮುಟ್ಟದೆ, ಪಂಪನ್ನು ಮಾತ್ರ ಓಡಿಸಿ ವಿತರಕದ ಕಡೆಯ ಜೋಡಣೆಗಳಿಗೆ ಒಣ ಕಾಗದ ತಾಗಿಸಿ ನೋಡಬೇಕು; ಇಂಜೆಕ್ಟರ್ ಕಡೆಯ ಕೊಳವೆಗಳಿಗೆ ಪೂರ್ಣ ಒತ್ತಡ ಬರುವುದು ಎಂಜಿನ್ ಓಡುವಾಗ ಮಾತ್ರವಾದ್ದರಿಂದ, ಮೊದಲ ನಿಮಿಷಗಳ ಓಟದಲ್ಲಿ ಅವುಗಳ ಮೇಲೆ ಕಣ್ಣಿಟ್ಟಿರಬೇಕು.

ಕಾರ್ಖಾನೆಯಿಂದ ಬಂದ ಮೂಲ ಕೊಳವೆಗಳೇ ಇನ್ನೂ ಉಳಿದಿವೆಯೆಂದು ಹೆಮ್ಮೆಪಡುವ ಸಂಗ್ರಾಹಕರಿದ್ದಾರೆ. ಆದರೆ ಕೊಳವೆ ಟೈರಿನಂತೆಯೇ ಸವೆದು ಮುಗಿಯುವ ವಸ್ತು. ಅದರ ರೂಪ, ಅಳತೆ ಮತ್ತು ಜೋಡಣೆಯ ರೀತಿ ಉಳಿದರೆ ಮೂಲ ಉಳಿದಂತೆಯೇ ಸರಿ. ಎಥನಾಲ್ ಬೆರೆತ ಪೆಟ್ರೋಲಿಗಾಗಿ ಈ ಕಾರುಗಳು ರೂಪುಗೊಂಡಿರಲಿಲ್ಲ, ಭಾರತದ ಬಂಕುಗಳಲ್ಲಿ ಈಗ ದೊರೆಯುವುದೋ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಇಂಥ ಕಾರಿರುವವರು ಒಂದು ಕೊಳವೆ ಬಿರಿದಾಗ ಒಂದನ್ನೇ ಬದಲಿಸಿ ಸುಮ್ಮನಾಗಬಾರದು. ಒಂದೇ ವಯಸ್ಸಿನ, ಒಂದೇ ಶಾಖವನ್ನು ಉಂಡ ಅಷ್ಟೂ ಕೊಳವೆಗಳನ್ನು ಒಟ್ಟಿಗೇ ಬದಲಿಸಬೇಕು.