ಒಂದು ದಿನದ ಪ್ರಶ್ನೆ, ಆರು ತಿಂಗಳ ಹಾಲು

ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳ ಪೈಕಿ ಶೇ. 63.7ರಷ್ಟು ಮಕ್ಕಳು ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದಾರೆ ಎಂದು 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. 2015–16ರ ನಾಲ್ಕನೆಯ ಸುತ್ತಿನಲ್ಲಿ ಈ ಪ್ರಮಾಣ ಶೇ. 54.9 ಇತ್ತು, 2005–06ರಲ್ಲಿ ಶೇ. 46ರ ಹತ್ತಿರ. ಏರಿಕೆ ಸಂತೋಷದ್ದೇ. ಆದರೆ ಆಗಸ್ಟ್ ಮೊದಲ ವಾರದ ಸ್ತನ್ಯಪಾನ ಸಪ್ತಾಹದಲ್ಲಿ ಇಂಥ ಅಂಕಿ ಓದಿಯಾದ ಮೇಲೆ ಬರುವ ಮಾತು ಬಹುಮಟ್ಟಿಗೆ ಒಂದೇ: ಉಳಿದ ತಾಯಂದಿರಿಗೆ ತಿಳಿವಳಿಕೆ ಸಾಲದು, ಅವರಿಗೆ ಬುದ್ಧಿ ಹೇಳಬೇಕು. ಸಮೀಕ್ಷೆ ಹಾಗೆ ಹೇಳಿಲ್ಲ. ಹಾಗೆ ಹೇಳಬೇಕಾದರೆ ಯಾವ ಪ್ರಶ್ನೆ ಕೇಳಬೇಕಿತ್ತೋ ಅದನ್ನೇ ಅದು ಕೇಳಿಲ್ಲ. ಮಗುವಿಗೆ ಏನು ಹೋಯಿತು ಎಂಬುದನ್ನು ಈ ಸಮೀಕ್ಷೆ ಅಳೆಯುತ್ತದೆ. ಯಾವಾಗ ಬದಲಾಯಿತು, ಯಾಕೆ ಬದಲಾಯಿತು, ಯಾರು ಬದಲಾಯಿಸಿದರು ಎಂಬುದನ್ನು ಬಿಟ್ಟುಬಿಡುತ್ತದೆ. ಬಿಟ್ಟ ಜಾಗವನ್ನು ಓದುವವರು ತಾಯಿಯ ಮೇಲಿನ ತೀರ್ಪಿನಿಂದ ತುಂಬುತ್ತಾರೆ. ಉಡುಪಿ ಜಿಲ್ಲೆಯ ಬಾರ್ಕೂರಿನಂಥ ಊರಿನಲ್ಲಿ ನಿಂತು ನೋಡಿದರೆ ಈ ಕೊರತೆ ಎಷ್ಟು ದೊಡ್ಡದೆಂದು ಕಾಣುತ್ತದೆ.

ಮೊದಲಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 1992–93ರಿಂದ ನಡೆಸಿಕೊಂಡು ಬಂದಿರುವ ಈ ಸಮೀಕ್ಷೆಯಷ್ಟು ದೀರ್ಘವಾದ, ಸುತ್ತಿನಿಂದ ಸುತ್ತಿಗೆ ಹೋಲಿಸಬಹುದಾದ ಇನ್ನೊಂದು ದಾಖಲೆ ನಮ್ಮ ತಾಯಿ-ಮಕ್ಕಳ ಬಗ್ಗೆ ಇಲ್ಲ. ಐದನೆಯ ಸುತ್ತಿನಲ್ಲಿ 6,36,699 ಮನೆಗಳಿಗೆ ಹೋಗಿ 7,24,115 ಮಹಿಳೆಯರನ್ನು ಮಾತಾಡಿಸಿದ್ದಾರೆ. ಸಂಗ್ರಹಿಸಿದ ಮಾಹಿತಿಯನ್ನು ಸಂಶೋಧಕರಿಗೆ ಉಚಿತವಾಗಿ ತೆರೆದಿಟ್ಟಿದ್ದಾರೆ. ಈ ಲೇಖನದ ತಕರಾರು ಕೂಡ ನಿಂತಿರುವುದು ಅವರೇ ಕೊಟ್ಟ ಅಂಕಿಗಳ ಮೇಲೆ.

ಎದೆಹಾಲಿನ ಅಂಕಿ ಹುಟ್ಟುವುದು ಹೀಗೆ. ಮನೆಗೆ ಬಂದವರು ತಾಯಿಯನ್ನು ಕೇಳುತ್ತಾರೆ: ನಿನ್ನೆ ಹಗಲು ಮತ್ತು ರಾತ್ರಿ ಮಗುವಿಗೆ ಏನೇನು ಕೊಟ್ಟಿರಿ? ನೀರು, ಹಣ್ಣಿನ ರಸ, ಹಸುವಿನ ಹಾಲು, ಡಬ್ಬದ ಹಾಲಿನ ಪುಡಿ, ಗಟ್ಟಿ ಆಹಾರ ಎಂದು ಒಂದೊಂದನ್ನೂ ಓದಿ ಕೇಳುತ್ತಾರೆ. ಎದೆಹಾಲು ಬಿಟ್ಟು ಬೇರೇನೂ ಇಲ್ಲ ಎಂದರೆ ಆ ಮಗು ‘ಎದೆಹಾಲು ಮಾತ್ರ’ದ ಪಟ್ಟಿಗೆ ಸೇರುತ್ತದೆ. ಹತ್ತು ದಿನದ ಕೂಸೂ ಐದೂವರೆ ತಿಂಗಳ ಮಗುವೂ ಒಂದೇ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಶೇ. 63.7 ಎಂದರೆ ಅಷ್ಟು ಮಕ್ಕಳು ಆರು ತಿಂಗಳು ಪೂರ್ತಿ ಎದೆಹಾಲಿನಲ್ಲೇ ಬೆಳೆದರು ಎಂದು ಅರ್ಥವಲ್ಲ. ನಾಲ್ಕನೆಯ ಸುತ್ತಿನ ವರದಿಯಲ್ಲೇ ಇದಕ್ಕೆ ಸಾಕ್ಷಿಯಿದೆ: ಪ್ರಮಾಣ ಶೇ. 54.9 ಎಂದು ಹೇಳಿದ ಅದೇ ವರದಿ, ಎದೆಹಾಲನ್ನಷ್ಟೇ ಕೊಡುವ ಅವಧಿಯ ಮಧ್ಯಾಂಕ 2.9 ತಿಂಗಳು ಎನ್ನುತ್ತದೆ. ಅಂದರೆ ಸುಮಾರು ಅರ್ಧದಷ್ಟು ಮಕ್ಕಳ ಬಾಯಿಗೆ ಮೂರು ತಿಂಗಳು ತುಂಬುವ ಮೊದಲೇ ಬೇರೇನೋ ಬಿದ್ದಿತ್ತು. ಮೊದಲನೆಯ ಅಂಕಿ ಭಾಷಣಕ್ಕೆ ಹೋಯಿತು, ಎರಡನೆಯದು ವರದಿಯ ಒಳಪುಟದಲ್ಲೇ ಉಳಿಯಿತು.

‘ನಿನ್ನೆ’ ಎಂಬ ಗಡಿಗೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿರುವುದು ನಿನ್ನೆಯ ನೆನಪು ಗಟ್ಟಿಯಾಗಿರುತ್ತದೆ, ಹುಟ್ಟಿದಂದಿನಿಂದ ಏನೇನು ಕೊಟ್ಟಿರಿ ಎಂದರೆ ತಾಯಿ ಮರೆತಿರುತ್ತಾಳೆ ಎಂಬ ಕಾರಣಕ್ಕೆ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೆ ತೆರುವ ಬೆಲೆ ಎಷ್ಟೆಂದು ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಐನೂರಕ್ಕೂ ಮಿಕ್ಕಿದ ತಾಯಂದಿರು ಅಲ್ಲಿ ಪ್ರತಿದಿನ ಬರೆದಿಟ್ಟರು. ಒಂದು ದಿನದ ಲೆಕ್ಕ ಹಿಡಿದರೆ ಎರಡನೆಯ ತಿಂಗಳಲ್ಲಿ ಶೇ. 92 ಮಕ್ಕಳು ಎದೆಹಾಲನ್ನಷ್ಟೇ ಕುಡಿಯುತ್ತಿದ್ದರು. ಹುಟ್ಟಿದಂದಿನಿಂದ ಲೆಕ್ಕ ಹಿಡಿದರೆ ಶೇ. 51. ನಾಲ್ಕನೆಯ ತಿಂಗಳಲ್ಲಿ ಈ ಎರಡು ಅಂಕಿಗಳು 73 ಮತ್ತು 30. ಅದೇ ತಾಯಂದಿರು, ಅದೇ ಮಕ್ಕಳು.

ನಮ್ಮ ಮನೆಗಳಲ್ಲಿ ಈ ಅಂತರ ಎಲ್ಲಿಂದ ಬರುತ್ತದೆ ಎಂಬುದು ಬಾಳಂತಿ ಕೋಣೆಯನ್ನು ಬಲ್ಲವರಿಗೆಲ್ಲ ಗೊತ್ತು. ತೇಯುವ ಕಲ್ಲಿನ ಮೇಲೆ ಬಜೆಯ ತುಂಡನ್ನು ತಾಯಿಯ ಹಾಲಿನಲ್ಲೇ ಒಂದೆರಡು ಸುತ್ತು ತೇಯ್ದು, ಬೆರಳ ತುದಿಯಲ್ಲಿ ತೆಗೆದು ಕೂಸಿನ ನಾಲಿಗೆಗೆ ಹಚ್ಚುವ ರೂಢಿ ಕರಾವಳಿಯಲ್ಲಿದೆ. ಅದರ ಜೊತೆಗೆ ಒಂದು ದಿನ ಜಾಯಿಕಾಯಿ, ಇನ್ನೊಂದು ದಿನ ಜೇನು. ಹೊಟ್ಟೆ ಉಬ್ಬರಿಸಿ ಅತ್ತರೆ ಗ್ರೈಪ್ ವಾಟರ್. ಇವೆಲ್ಲ ದಿನಾ ನಡೆಯುವುದಲ್ಲ. ಮೊನ್ನೆ ಕೊಟ್ಟು ನಿನ್ನೆ ಬಿಟ್ಟಿದ್ದರೆ ಮಗು ‘ಎದೆಹಾಲು ಮಾತ್ರ’ದ ಸಾಲಿಗೆ ಬಂತು. ನಿನ್ನೆ ಕೊಟ್ಟಿದ್ದರೂ, ಬಜೆ ಪ್ರಶ್ನಾವಳಿಯ ಯಾವ ಸಾಲಿಗೆ ಬರಬೇಕು? ಔಷಧವೆಂದು ಹಿಡಿದರೆ ವಿಶ್ವ ಆರೋಗ್ಯ ಸಂಸ್ಥೆಯ ನಿಯಮದಂತೆ ಅದು ಲೆಕ್ಕಕ್ಕಿಲ್ಲ. ಇತರ ದ್ರವವೆಂದು ಹಿಡಿದರೆ ಮಗು ಪಟ್ಟಿಯಿಂದ ಹೊರಗೆ. ಕೊಟ್ಟ ಅಜ್ಜಿಗೆ ಅದು ಮದ್ದು. ಬರೆದುಕೊಳ್ಳುವ ಹುಡುಗಿಗೆ ಅದು ಏನೆಂಬುದು ಆಕೆ ಯಾವ ಜಿಲ್ಲೆಯವಳು ಎಂಬುದನ್ನು ಅವಲಂಬಿಸಬಹುದು. ಜೇನಿನಿಂದ ಎಳೆಗೂಸಿಗೆ ನಿಜವಾದ ಅಪಾಯವಿದೆ, ಹಾಗಾಗಿ ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕಾದ್ದು ಬರೀ ಲೆಕ್ಕದ ಶುದ್ಧಿಗಾಗಿ ಅಲ್ಲ.

ಇನ್ನು ಜಿಲ್ಲೆಯ ಅಂಕಿ. ನಾಲ್ಕನೆಯ ಸುತ್ತಿನಿಂದ ಸಮೀಕ್ಷೆ ಜಿಲ್ಲಾವಾರು ಹಾಳೆಗಳನ್ನು ಹೊರಡಿಸುತ್ತಿದೆ. ಐದನೆಯ ಸುತ್ತಿನಲ್ಲಿ ಕರ್ನಾಟಕದ 30 ಜಿಲ್ಲೆಗಳ 26,574 ಮನೆಗಳಿಂದ ಮಾಹಿತಿ ಪಡೆದಿದ್ದರು. ಜಿಲ್ಲೆಗೆ ಸರಾಸರಿ 886 ಮನೆ. ಮನೆಗೆ ನಾಲ್ಕು ಚಿಲ್ಲರೆ ಜನವೆಂದರೆ ಸುಮಾರು 3,800 ಜನ. 2020ರ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ ರಾಜ್ಯದ ಜನನ ಪ್ರಮಾಣ ಸಾವಿರಕ್ಕೆ 16.5. ಈ ಲೆಕ್ಕದಲ್ಲಿ ವರ್ಷಕ್ಕೆ 63 ಕೂಸು, ಆರು ತಿಂಗಳೊಳಗಿನವು 31. ಉಡುಪಿಯಲ್ಲಿ ಜನನ ಪ್ರಮಾಣ ರಾಜ್ಯದ ಸರಾಸರಿಗಿಂತ ಕಡಿಮೆ, ಹಾಗಾಗಿ 31 ಕೂಡ ಹೆಚ್ಚೇ. ಮೂವತ್ತೊಂದು ಮಕ್ಕಳಲ್ಲಿ ಶೇ. 60 ಎಂದು ಬಂದರೆ ನಿಜವಾದ ಪ್ರಮಾಣ 43 ಇರಬಹುದು, 77 ಕೂಡ ಇರಬಹುದು. ಸಮೀಕ್ಷೆ ಇದನ್ನು ಮುಚ್ಚಿಟ್ಟಿಲ್ಲ: 25ರಿಂದ 49 ಮಕ್ಕಳಷ್ಟೇ ಇದ್ದರೆ ಅಂಕಿಯನ್ನು ಆವರಣದೊಳಗೆ ಹಾಕುತ್ತದೆ, 25ಕ್ಕಿಂತ ಕಡಿಮೆಯಾದರೆ ನಕ್ಷತ್ರ ಚಿಹ್ನೆ ಹಾಕಿ ಅಂಕಿಯನ್ನೇ ಕೊಡುವುದಿಲ್ಲ. ಪ್ರಾಮಾಣಿಕ ಕ್ರಮ. ಆದರೆ ಆವರಣ ಚಿಹ್ನೆ ಪತ್ರಿಕೆಯ ಶೀರ್ಷಿಕೆಗೆ ಬರುವುದಿಲ್ಲ, ಜಿಲ್ಲೆಗಳನ್ನು ಮೇಲೆ ಕೆಳಗೆ ಜೋಡಿಸುವ ಪಟ್ಟಿಗೂ ಬರುವುದಿಲ್ಲ. ಇನ್ನು ಬಾರ್ಕೂರಿನ ಮಾತು ಕೇಳಬೇಕೆ? ಸಮೀಕ್ಷೆಯವರು ಒಂದೊಂದು ಕಡೆ 22 ಮನೆಗಳನ್ನು ಆರಿಸುತ್ತಾರೆ, ಅಂದರೆ ಇಡೀ ಜಿಲ್ಲೆಗೆ ಸುಮಾರು ನಲವತ್ತು ಕಡೆ. ಅದರಲ್ಲಿ ಬ್ರಹ್ಮಾವರ ತಾಲ್ಲೂಕಿನ ಪಾಲು ಎಷ್ಟು, ಅದರೊಳಗೆ ಬಾರ್ಕೂರಿನ ಹೊಸಾಳ, ಕಚ್ಚೂರು, ಹನೇಹಳ್ಳಿಗಳ ಪಾಲು ಎಷ್ಟು ಎಂದು ಯೋಚಿಸಿದರೆ ಸಾಕು.

ಇದಕ್ಕಿಂತ ದೊಡ್ಡ ತೊಡಕು ಮಾದರಿಯ ಗಾತ್ರದಲ್ಲಿಲ್ಲ, ನಮ್ಮ ಬಾಳಂತನದ ಕ್ರಮದಲ್ಲಿದೆ. ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುವ ಅಳಿಯಕಟ್ಟಿನ ಮೂಲಪುರುಷನೆಂದು ಐತಿಹ್ಯ ಹೇಳುವ ಭೂತಾಳಪಾಂಡ್ಯನ ಊರು ಬಾರ್ಕೂರು. ಹೆಣ್ಣುಮಗಳಿಗೂ ಹುಟ್ಟಿದ ಮನೆಗೂ ಇರುವ ನಂಟು ಇಲ್ಲಿ ಆ ಕಾನೂನು ಹೋದ ಮೇಲೂ ಗಟ್ಟಿಯಾಗಿದೆ. ಬೆಂಗಳೂರು, ಮುಂಬೈಗಳಲ್ಲಿ ಸಂಸಾರ ಹೂಡಿದ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆ. ಎಣ್ಣೆಸ್ನಾನ, ಕಷಾಯ, ಬಾಳಂತಿ ಲೇಹ್ಯ, ಕೂಸನ್ನು ಎತ್ತಿಕೊಳ್ಳಲು ನಾಲ್ಕು ಕೈ. ಎದೆಹಾಲು ಕೊಡಲು ಇದಕ್ಕಿಂತ ಒಳ್ಳೆಯ ಆಸರೆ ಬೇರೆ ಸಿಗದು. ಮೂರನೆಯ ತಿಂಗಳೋ ಐದನೆಯ ತಿಂಗಳೋ ಆಕೆ ಹೊರಡುತ್ತಾಳೆ. ಸಮೀಕ್ಷೆ ಮಹಿಳೆಯನ್ನು ಎಣಿಸುವುದು ಹಿಂದಿನ ರಾತ್ರಿ ಎಲ್ಲಿ ತಂಗಿದ್ದಳೋ ಆ ಮನೆಯಲ್ಲಿ. ಹಾಗಾಗಿ ಕೂಸಿನ ಮೊದಲ ತಿಂಗಳುಗಳು ಉಡುಪಿಯ ಖಾತೆಗೆ, ಮುಂದಿನ ತಿಂಗಳುಗಳು ಬೆಂಗಳೂರಿನ ಖಾತೆಗೆ. ಡಬ್ಬದ ಹಾಲು ಶುರುವಾದದ್ದು ಆ ಪ್ರಯಾಣದ ಮರುವಾರವೇ ಆಗಿದ್ದರೂ ಯಾವ ಖಾತೆಯಲ್ಲೂ ಅದು ಬದಲಾವಣೆಯಾಗಿ ಕಾಣುವುದಿಲ್ಲ. ಕಾಣುವುದು ಒಂದು ಜಿಲ್ಲೆಯ ‘ಒಳ್ಳೆಯ’ ತಾಯಂದಿರು, ಇನ್ನೊಂದು ಜಿಲ್ಲೆಯ ‘ತಿಳಿವಳಿಕೆ ಸಾಲದ’ ತಾಯಂದಿರು. ಇಬ್ಬರೂ ಒಬ್ಬಳೇ ಆಗಿರಬಹುದು.

ಒಂದೇ ಭೇಟಿಯ ಸಮೀಕ್ಷೆಗೆ ಇಂಥದ್ದು ಸಿಗುವುದಿಲ್ಲ. ಅವಳನ್ನೇ ಮತ್ತೆ ಮತ್ತೆ ಕೇಳಬೇಕು. ಬ್ರಿಟನ್ನಿನಲ್ಲಿ 1975ರಿಂದ 2010ರವರೆಗೆ ಸುಮಾರು ಐದು ವರ್ಷಕ್ಕೊಮ್ಮೆ ಶಿಶು ಆಹಾರ ಸಮೀಕ್ಷೆ ನಡೆಯಿತು. 2010ರಲ್ಲಿ ಒಬ್ಬೊಬ್ಬ ತಾಯಿಯನ್ನು ಹೆರಿಗೆಯ ಮೊದಲ ವಾರಗಳಿಂದ ಹತ್ತನೆಯ ತಿಂಗಳ ಒಳಗೆ ಮೂರು ಸಲ ಕೇಳಿದರು: ಯಾವಾಗ ನಿಲ್ಲಿಸಿದಿರಿ, ಯಾಕೆ, ಇನ್ನೂ ಕೊಡಬೇಕೆಂದಿತ್ತೇ? ಶೇ. 81 ತಾಯಂದಿರು ಎದೆಹಾಲು ಶುರುಮಾಡಿದ್ದರು. ಆರು ತಿಂಗಳವರೆಗೂ ಎದೆಹಾಲನ್ನಷ್ಟೇ ಕೊಟ್ಟವರು ನೂರಕ್ಕೆ ಒಬ್ಬರು. ನಿಲ್ಲಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇನ್ನೂ ಕೊಡುವ ಆಸೆಯಿತ್ತು. ನಮ್ಮ 63.7ರ ಪಕ್ಕ ಅವರ 1 ಇಟ್ಟು ಹೆಮ್ಮೆಪಡುವವರಿದ್ದಾರೆ. ಅಳತೆಗೋಲೇ ಬೇರೆಯಾಗಿರುವಾಗ ಆ ಹೆಮ್ಮೆಗೆ ಆಧಾರವಿಲ್ಲ. ಅಲ್ಲಿಂದ ಕಲಿಯಬೇಕಾದ್ದು ಪ್ರಮಾಣವನ್ನಲ್ಲ, ಕೊನೆಯ ಪ್ರಶ್ನೆಯನ್ನು. ಕೊಡಬೇಕೆಂದಿದ್ದೂ ಆಗದೆ ಹೋದವಳಿಗೆ ಉಪದೇಶ ಕೊಟ್ಟು ಪ್ರಯೋಜನವೇನು?

ಹೆರಿಗೆಯಾದ ಒಂದು ಗಂಟೆಯೊಳಗೆ ಹಾಲೂಡಿಸುವ ಅಂಕಿಯನ್ನು ನೋಡಿದರೆ ತಪ್ಪು ಓದು ಎಲ್ಲಿಗೆ ಒಯ್ಯುತ್ತದೆಂದು ತಿಳಿಯುತ್ತದೆ. ನಾಲ್ಕನೆಯ ಸುತ್ತಿನಿಂದ ಐದನೆಯದಕ್ಕೆ ದೇಶದಲ್ಲಿ ಆಸ್ಪತ್ರೆ ಹೆರಿಗೆ ಶೇ. 78.9ರಿಂದ 88.6ಕ್ಕೆ ಏರಿತು, ಮೊದಲ ಗಂಟೆಯ ಹಾಲು ಶೇ. 41.6ರಿಂದ 41.8ಕ್ಕೆ ಬಂದು ನಿಂತಿತು. ಕರ್ನಾಟಕದಲ್ಲಿ ಐದನೆಯ ಸುತ್ತಿನ ಹೊತ್ತಿಗೆ ಶೇ. 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿತ್ತು, ಆದರೂ ಮೊದಲ ಗಂಟೆಯಲ್ಲಿ ಹಾಲು ಸಿಕ್ಕಿದ್ದು ಅರ್ಧದ ಆಸುಪಾಸಿನ ಮಕ್ಕಳಿಗೆ. ಇದೇ ಅವಧಿಯಲ್ಲಿ ರಾಜ್ಯದ ಸಿಸೇರಿಯನ್ ಪ್ರಮಾಣ 23.6ರಿಂದ 31.5ಕ್ಕೆ ಏರಿತ್ತು. ಹೊಲಿಗೆ ಹಾಕಿಸಿಕೊಂಡು ಮಲಗಿದ ತಾಯಿ, ಇನ್ನೊಂದು ಕೋಣೆಯಲ್ಲಿ ಕೂಸು. ಆ ಒಂದು ಗಂಟೆ ತಾಯಿಯ ಕೈಯಲ್ಲಿಲ್ಲ, ಹೆರಿಗೆ ವಾರ್ಡಿನ ಕೈಯಲ್ಲಿದೆ. ಹಾಗಿದ್ದೂ ಈ ಅಂಕಿ ಮಕ್ಕಳಿಗೆ ಉಣಿಸುವ ರೂಢಿಗಳ ತಲೆಬರಹದಡಿ ಮನೆಯ ಅಭ್ಯಾಸಗಳ ಜೊತೆ ಕೂರುತ್ತದೆ. 2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯಲ್ಲಂತೂ ದೇಶದ ಇದೇ ಪ್ರಮಾಣ ಶೇ. 57. ಒಂದೆರಡು ವರ್ಷದ ಅಂತರದಲ್ಲಿ ಎರಡು ರಾಷ್ಟ್ರೀಯ ಸಮೀಕ್ಷೆಗಳ ನಡುವೆ ಹದಿನೈದು ಅಂಶಗಳ ಅಂತರ! ಆರಿಸಿದ ಮಕ್ಕಳ ವಯಸ್ಸು ಎರಡರಲ್ಲೂ ಒಂದೇ ಅಲ್ಲ ಎಂಬುದು ಒಂದು ಕಾರಣ. ಹೆರಿಗೆಯ ನೋವಿನಲ್ಲಿದ್ದವಳು ಗಡಿಯಾರ ನೋಡಿರುವುದಿಲ್ಲ ಎಂಬುದು ಇನ್ನೊಂದು ಕಾರಣವಿರಬೇಕು.

ಆರು ತಿಂಗಳಾದ ಮೇಲಿನ ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಐದನೆಯ ಸುತ್ತಿನಲ್ಲಿ ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿದ್ದುದು ಶೇ. 11.3ಕ್ಕೆ ಮಾತ್ರ ಎಂಬ ಅಂಕಿ ನಿಜಕ್ಕೂ ಎದೆ ನಡುಗಿಸುವಂಥದ್ದು. ಅಳತೆಯ ದೋಷವೆಂದು ಅದನ್ನು ಬದಿಗಿಡಲಾಗದು. ಕುಚ್ಚಲಕ್ಕಿ ಗಂಜಿಯ ತೆಳಿಗೆ ಉಪ್ಪು ಹಾಕಿ ಕುಡಿಸಿ, ಸಂಜೆ ರಾಗಿ ಮಣ್ಣಿ ತಿನ್ನಿಸಿದರೆ ಎರಡೂ ಸೇರಿ ಒಂದೇ ಆಹಾರ ಗುಂಪು, ಬೇಕಾದ್ದು ನಾಲ್ಕು. ಮನೆಗೆ ಮೀನು ಬರುವ ಊರಿನಲ್ಲೂ ಮುಳ್ಳಿನ ಹೆದರಿಕೆಗೆ ಎಂಟು ತಿಂಗಳ ಮಗುವಿಗೆ ಮೀನು ಕೊಡದಿದ್ದರೆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಇಲ್ಲಿ ತಿಳಿವಳಿಕೆಯ ಮಾತಿಗೆ ಅರ್ಥವಿದೆ.

ತಾಯಿಯನ್ನು ಮತ್ತೆ ಮತ್ತೆ ಕೇಳಬೇಕೆಂಬ ಮಾತಿಗೆ ಬರುವ ಮುಖ್ಯ ಆಕ್ಷೇಪ ಗೊತ್ತಿರುವುದೇ. ಆರು ಲಕ್ಷ ಮನೆಗಳ ಸಮೀಕ್ಷೆಯಲ್ಲಿ ತಾಯಂದಿರನ್ನು ಮತ್ತೆ ಮತ್ತೆ ಹುಡುಕಿಕೊಂಡು ಹೋಗುವುದು ಆಗದ ಕೆಲಸ, ಪ್ರಶ್ನಾವಳಿ ಈಗಲೇ ಉದ್ದ. ಒಪ್ಪಬಹುದು. ಆದರೆ ಎಲ್ಲ ಮನೆಯಲ್ಲೂ ಎಲ್ಲವನ್ನೂ ಕೇಳುವ ಪದ್ಧತಿ ಈಗಲೂ ಇಲ್ಲ. ಪುರುಷರ ಸಂದರ್ಶನ, ಕೌಟುಂಬಿಕ ದೌರ್ಜನ್ಯದ ಪ್ರಶ್ನೆಗಳು ಇವೆಲ್ಲ ಆಯ್ದ ಸುಮಾರು ಶೇ. 15 ಮನೆಗಳಲ್ಲಿ ಮಾತ್ರ ನಡೆಯುತ್ತವೆ. ಅದೇ ರೀತಿ ಒಂದು ಸಣ್ಣ ಗುಂಪಿನ ಬಾಳಂತಿಯರನ್ನು ಆರಿಸಿ ಹಿಂಬಾಲಿಸಬಹುದು. ಅಮೆರಿಕದಲ್ಲಿ 2005–07ರಲ್ಲಿ ನಡೆದ ಶಿಶು ಆಹಾರ ಅಧ್ಯಯನ ಗರ್ಭಿಣಿಯಿದ್ದಾಗಿನಿಂದ ಮಗುವಿಗೆ ವರ್ಷವಾಗುವವರೆಗೆ ಅಂಚೆಯಲ್ಲೇ ಪ್ರಶ್ನೆ ಕಳಿಸಿ ಉತ್ತರ ತರಿಸಿಕೊಂಡಿತು. ಕಾರಣ ಕೇಳಿದರೆ ‘ಹಾಲು ಸಾಲುವುದಿಲ್ಲ’ ಎಂಬ ಒಂದೇ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು ಎನ್ನುವವರೂ ಇದ್ದಾರೆ. ಆ ಉತ್ತರದ ಮುಂದೆ ಇನ್ನೊಂದು ಪ್ರಶ್ನೆ ಬೇಕು: ಸಾಲುವುದಿಲ್ಲವೆಂದು ಮೊದಲು ಹೇಳಿದವರು ಯಾರು? ಹಾಲಿನ ಪುಡಿಯ ಪ್ರಚಾರ ತಡೆಯಲು 1992ರಲ್ಲಿ ಕಾನೂನು ಮಾಡಿ 2003ರಲ್ಲಿ ಬಿಗಿ ಮಾಡಿದ ದೇಶ ನಮ್ಮದು. ಡಬ್ಬದ ಹಾಲು ಕೊಟ್ಟಿರಾ ಎಂದು ಕೇಳುವ ಸಮೀಕ್ಷೆ, ಅದನ್ನು ಕೊಡಲು ಹೇಳಿದ್ದು ಅತ್ತೆಯೋ, ಅಂಗಡಿಯವನೋ, ಆಸ್ಪತ್ರೆಯೋ ಎಂದು ಕೇಳದಿದ್ದರೆ ಆ ಕಾನೂನು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ? ದುಡಿಮೆಯದ್ದೂ ಹಾಗೆಯೇ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ 26 ವಾರಗಳ ಹೆರಿಗೆ ರಜೆ ಕೊಟ್ಟಿತು. ಅದರಲ್ಲಿ ಎಂಟು ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಂಡವಳಿಗೆ ಉಳಿಯುವುದು ನಾಲ್ಕು ತಿಂಗಳು. ಬುಟ್ಟಿ ಹೊತ್ತು ಮೀನು ಮಾರುವವಳಿಗೆ, ಹತ್ತು ಜನರಿಲ್ಲದ ಅಂಗಡಿಯಲ್ಲಿ ದುಡಿಯುವವಳಿಗೆ ಅದೂ ಇಲ್ಲ.

ಬಾರ್ಕೂರಿನ ಮಟ್ಟಿಗೆ ಹೊಸ ಯಂತ್ರಾಂಗವೇನೂ ಬೇಕಿಲ್ಲ. ಆಸ್ಪತ್ರೆ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನಗಳಲ್ಲಿ ಹೋಗಬೇಕೆಂಬ ನಿಯಮವಿದೆ. ಆಮೇಲೆ ಮೂರನೆಯ ತಿಂಗಳು, ಆರನೆಯ ತಿಂಗಳು. ಬೇರೆ ಹಾಲು ಯಾವ ವಾರ ಶುರುವಾಯಿತು, ಯಾರ ಮಾತಿನ ಮೇಲೆ, ತಾಯಿ ಯಾವಾಗ ಕೆಲಸಕ್ಕೋ ಗಂಡನ ಊರಿಗೋ ಹೊರಟಳು ಎಂಬುದನ್ನು ಈ ಭೇಟಿಗಳಲ್ಲೇ ಬರೆದಿಡಬಹುದು. ಬುದ್ಧಿ ಹೇಳುವವಳೇ ಲೆಕ್ಕವನ್ನೂ ಕೇಳಿದರೆ ತಾಯಿ ಅವಳಿಗೆ ಮೆಚ್ಚುಗೆಯಾಗುವ ಉತ್ತರ ಕೊಡುತ್ತಾಳೆ ಎಂಬ ಸಂದೇಹ ನ್ಯಾಯವಾದದ್ದು. ಆದುದರಿಂದ ಶೇಕಡಾವಾರು ಪ್ರಮಾಣಕ್ಕೆ ಈ ದಾಖಲೆಯನ್ನು ಬಳಸಬಾರದು, ಅದಕ್ಕೆ ಹೊರಗಿನವರ ಸಮೀಕ್ಷೆಯೇ ಇರಲಿ. ಯಾವಾಗ, ಯಾಕೆ ಎಂಬುದಕ್ಕೆ ಬಳಸಬಹುದು: ಹಾಲು ನಿಲ್ಲಿಸಿದೆ ಎಂದು ಹೇಳಲು ನಾಚುವವಳು ಕೂಡ ಗಂಡನ ಊರಿಗೆ ಹೊರಟ ತಾರೀಕನ್ನು ಮುಚ್ಚಿಡಲಾರಳು. ಮೂರನೆಯ ತಿಂಗಳ ಭೇಟಿಯ ಹೊತ್ತಿಗೇ ಊರು ಬಿಟ್ಟವಳ ಫೋನ್ ನಂಬರು ತಾಯಿ ಕಾರ್ಡ್ ಮಾಡಿಸಿದಾಗಲೇ ದಾಖಲಾಗಿರುತ್ತದೆ. ಆರನೆಯ ತಿಂಗಳಲ್ಲಿ ಅಲ್ಲಿಗೆ ಒಂದು ಕರೆ ಮಾಡಿದರೆ, ಉಡುಪಿಯ ಖಾತೆಯಿಂದ ಜಾರಿ ಬೆಂಗಳೂರಿನ ಖಾತೆ ಸೇರಿದ ತಾಯಿ ಮತ್ತೆ ಒಬ್ಬಳೇ ತಾಯಿಯಾಗಿ ಲೆಕ್ಕಕ್ಕೆ ಸಿಗುತ್ತಾಳೆ.